ಅಪ್ಪಾಜಿಯ ವೆಂಟಿಲೇಟರ್ ನಿಲ್ಲಿಸಿದ್ದು: ದಾವಣಗೆರೆಯಲ್ಲಿ ನಾವು ಹಾದುಬಂದ ದಾರಿ

ಅಪ್ಪಾಜಿಯ ಶಿವಗಣಾರಾಧನೆ ಮುಗಿದಿದೆ. ಮರಣ ಪ್ರಮಾಣಪತ್ರವೂ ಕೈಗೆ ಬಂದಿದೆ. ಆಸ್ಪತ್ರೆಯ ಫೈಲು ಮಾತ್ರ ಇನ್ನೂ ಟೇಬಲ್ ಮೇಲೇ ಇದೆ. ಅದನ್ನು ಬೀರುವಿನೊಳಗೆ ಇಡುವ ಮುಂಚೆ ಇದನ್ನು ಬರೆದುಬಿಡುತ್ತೇನೆ. ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರೇ ಹೇಳಿದ ಮೇಲೆ, ಕಾನೂನಿನ ಪ್ರಕಾರವೇ ವೆಂಟಿಲೇಟರ್ ನಿಲ್ಲಿಸಬೇಕಾದರೆ ಏನೇನು ಆಗಬೇಕೋ ಅದೆಲ್ಲ ನಮ್ಮ ಮನೆಗೆ ಆಯಿತು. ಆಗ ಐಸಿಯು ಹೊರಗೆ ಕೂತು, ಕನ್ನಡದಲ್ಲಿ ಯಾರಾದರೂ ಇದರ ಬಗ್ಗೆ ಬರೆದಿದ್ದಾರಾ ಅಂತ ರಾತ್ರಿಯೆಲ್ಲ ಫೋನಿನಲ್ಲಿ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಸುದ್ದಿಯ ತಲೆಬರಹ. ಯಾವ ಕಾಗದ ಬೇಕು, ಯಾರು ಸಹಿ ಹಾಕಬೇಕು, ಎಷ್ಟು ಕಾಯಬೇಕು ಅನ್ನೋದು ಎಲ್ಲೂ ಇರಲಿಲ್ಲ.

ಅಪ್ಪಾಜಿ ಇಲ್ಲಿನ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಮಿಲ್ ಮುಚ್ಚಿದ ಮೇಲೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆದುಕೊಂಡಿದ್ದರು. ವಯಸ್ಸು ಎಪ್ಪತ್ತಾರು. ಬಿಪಿ ಇತ್ತು, ಮಾತ್ರೆ ನುಂಗುವುದಕ್ಕೆ ಸದಾ ತಕರಾರು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಸ್ಕ್ಯಾನ್ ಮಾಡಿದಾಗ ಮೆದುಳಿನೊಳಗೆ ದೊಡ್ಡ ರಕ್ತಸ್ರಾವ. ಅರ್ಧ ಗಂಟೆಯೊಳಗೆ ಗಂಟಲಿಗೆ ಪೈಪ್ ಇಳಿಸಿ ವೆಂಟಿಲೇಟರ್‌ಗೆ ಹಾಕಿದರು. ಹಾಕಬೇಕಾ ಬೇಡವಾ ಅಂತ ಆಗ ಯಾರೂ ಕೇಳಲಿಲ್ಲ. ಕೇಳಿದ್ದರೂ ಹಾಕಿ ಎಂದೇ ಹೇಳುತ್ತಿದ್ದೆವು.

ನರ್ಸ್ ಒಬ್ಬರು ಒಂದು ಪ್ಲಾಸ್ಟಿಕ್ ಕವರ್ ತಂದು ಕೈಗಿಟ್ಟರು. ಮೇಲೆ ಮಾರ್ಕರ್ ಪೆನ್ನಿನಲ್ಲಿ ಬೆಡ್ ನಂಬರ್. ಒಳಗೆ ವಾಚು, ಹಲ್ಲಿನ ಸೆಟ್ಟು, ಬನಿಯನ್ನು, ಮತ್ತೆ ಕೊರಳಿನಿಂದ ಬಿಚ್ಚಿದ ಕರಡಿಗೆ. ಶಿವದಾರ ಒದ್ದೆಯಾಗಿತ್ತು. ಲಿಂಗ ಹಾಗೆ ಕವರಿನೊಳಗೆ ಬಂದದ್ದು ನೋಡಿ ಅತ್ತೆ, ಅಂದರೆ ಅಪ್ಪಾಜಿಯ ತಂಗಿ, ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟರು. ಐಸಿಯುನಲ್ಲಿ ಮೈಮೇಲೆ ಏನೂ ಇರಬಾರದು ಅನ್ನೋದು ಅವರ ನಿಯಮ. ಆದರೆ ಕೇಳಿದರೆ ತಲೆದಿಂಬಿನ ಪಕ್ಕ ಇಡಲು ಬಿಡುತ್ತಾರೆ. ನಾವು ಕೇಳಿದೆವು, ಬಿಟ್ಟರು. ನಿಮ್ಮ ಮನೆಯಲ್ಲಿ ತಾಯತವೋ ಜಪಸರವೋ ಏನಿದ್ದರೂ ಮೊದಲ ದಿನವೇ ಕೇಳಿಬಿಡಿ.

ದುಡ್ಡಿನ ಲೆಕ್ಕ ಈಗಲೇ ಹೇಳಿಬಿಡುತ್ತೇನೆ. ಬೆಡ್ಡು, ವೆಂಟಿಲೇಟರ್, ಔಷಧಿ, ದಿನದ ರಕ್ತ ಪರೀಕ್ಷೆ ಎಲ್ಲ ಸೇರಿ ನಮಗೆ ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಸಾವಿರ ಬೀಳುತ್ತಿತ್ತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ನಮ್ಮದು ಎಪಿಎಲ್, ಅದಕ್ಕೆ ಪ್ಯಾಕೇಜ್ ದರದಲ್ಲಿ 30% ಮಾತ್ರ. ತಮ್ಮ ಪುಣೆಯಿಂದ ಬರುವ ಮುಂಚೆಯೇ ನನ್ನ ಒಂದು ಎಫ್‌ಡಿ ಮುರಿಸಿಯಾಗಿತ್ತು.

ದಿನ ಕಳೆದವು. ನ್ಯೂರೋ ಡಾಕ್ಟರ್ ನಮ್ಮನ್ನು ಕೌನ್ಸೆಲಿಂಗ್ ರೂಮಿಗೆ ಕರೆದರು. ಒಳಗೆ ಒಂದು ಟೇಬಲ್, ಟಿಶ್ಯೂ ಪೇಪರ್ ಡಬ್ಬಿ, ಗೋಡೆ ಮೇಲೆ ಮೆದುಳಿನ ಚಿತ್ರ. ಅವರು ಹೇಳಿದ್ದಿಷ್ಟು: ಪ್ರಜ್ಞೆ ಮರಳುವ ಸಾಧ್ಯತೆ ಕಾಣುತ್ತಿಲ್ಲ. ಆದರೆ 'ಬ್ರೇನ್ ಡೆತ್' ಅಲ್ಲ, ಯಾಕೆಂದರೆ ಆಗಾಗ ತಾವಾಗಿಯೇ ಒಂದೊಂದು ಉಸಿರು ಎಳೆಯುತ್ತಿದ್ದಾರೆ. ಈ ವ್ಯತ್ಯಾಸ ನೀವೂ ಸರಿಯಾಗಿ ತಿಳಿದುಕೊಳ್ಳಿ, ನೆಂಟರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಮೆದುಳಿನ ಕಾಂಡವೇ ಸತ್ತಿದೆ ಎಂದು ನಾಲ್ವರು ಡಾಕ್ಟರು ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಬರೆದರೆ ಅದು ಬ್ರೇನ್ ಡೆತ್, ಅಂಗದಾನದ ಮಾತು ಬರುವುದು ಅಲ್ಲಿ. ನಮ್ಮದು ಅದಲ್ಲ. ಅಪ್ಪಾಜಿ ಬದುಕಿದ್ದರು. ಮುಂದಿನ ಜಗಳವೆಲ್ಲ ಹುಟ್ಟಿದ್ದು ಇದರಿಂದಲೇ.

ಅವತ್ತು ಸಂಜೆಯಿಂದ ಒಂದೇ ಮಾತು ಕೇಳಿಸತೊಡಗಿತು. ಆಯಾ ಹೇಳಿದಳು, ಸೆಕ್ಯೂರಿಟಿಯವರು ಹೇಳಿದರು, ಡ್ಯೂಟಿಯ ಸಣ್ಣ ಡಾಕ್ಟರೂ ದನಿ ತಗ್ಗಿಸಿ ಹೇಳಿದರು. "ಬಿಡಿಸ್ಕೊಂಡು ಮನಿಗೆ ಕರ್ಕೊಂಡ್ ಹೋಗ್ರಿ."

ಇದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇವೆ, ಏನಾದರೂ ನಾವೇ ಜವಾಬ್ದಾರರು ಅಂತ ಬರೆದುಕೊಡುವುದು. ಆಂಬ್ಯುಲೆನ್ಸ್‌ನಲ್ಲಿ ಒಬ್ಬ ಹುಡುಗ ಕೈಯಲ್ಲಿ ಬಲೂನ್ ಒತ್ತುತ್ತಾ ಬರುತ್ತಾನೆ. ಮನೆ ಬಾಗಿಲಲ್ಲೋ ನಡುಮನೆಯಲ್ಲೋ ಪೈಪ್ ತೆಗೆಯುತ್ತಾನೆ, ಅವನ ದುಡ್ಡು ಇಸಿದುಕೊಂಡು ಹೋಗುತ್ತಾನೆ. ಜಗಳೂರು ಕಡೆಯ ನಮ್ಮ ಚಿಕ್ಕಪ್ಪ ತಮ್ಮ ಅತ್ತೆಗೆ ಹೀಗೇ ಮಾಡಿದ್ದರು. ನಾನೂ ಅವತ್ತು ಅಲ್ಲಿದ್ದೆ. ಪೈಪ್ ತೆಗೆದ ಮೇಲೆ ಆ ಅಜ್ಜಿ ಬೆಳಗಿನ ಜಾವದವರೆಗೂ ಗೊರಗೊರ ಅಂತ ಉಸಿರಿಗಾಗಿ ಎಳೆದಾಡಿದಳು. ಕೊಡಲು ಒಂದು ಔಷಧಿ ಇರಲಿಲ್ಲ, ನೋಡಲು ಒಬ್ಬ ನರ್ಸ್ ಇರಲಿಲ್ಲ. ಸುತ್ತ ಕೂತವರು ಓಂ ನಮಃ ಶಿವಾಯ ಹೇಳುತ್ತಿದ್ದರು. ಅದನ್ನು ಕೊಂದದ್ದು ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ. "ಮನೇಲಿ ಪ್ರಾಣ ಹೋಯ್ತು, ಪುಣ್ಯವಂತೆ" ಅಂದರು.

ಅದೇ ಕೆಲಸವನ್ನು ಆಸ್ಪತ್ರೆಯಲ್ಲಿ, ನೋವಿಗೆ ಔಷಧಿ ಕೊಟ್ಟು, ಡಾಕ್ಟರು ನಿಂತು ಮಾಡುತ್ತಾರೆ ಅಂದ ಕೂಡಲೇ ಅದಕ್ಕೆ ಹೆಸರು 'ದಯಾಮರಣ'. ಆ ಹೆಸರು ಬಾಯಿಗೆ ಬಂದದ್ದೇ ತಡ, ಚಿಕ್ಕಪ್ಪನ ಮುಖ ಬಿಗಿಯಿತು. "ಇಂಜೆಕ್ಷನ್ ಕೊಟ್ಟು ಸಾಯಿಸ್ತಾರಾ? ನಮ್ಮಣ್ಣನ್ನ?" ಬಿಡಿಸಿಕೊಂಡು ಹೋಗುವುದಕ್ಕೆ ಎಲ್ಲರೂ ಒಪ್ಪಿದ್ದರು. ನಿಲ್ಲಿಸುವುದಕ್ಕೆ ಒಬ್ಬರೂ ಒಪ್ಪಲಿಲ್ಲ. ಈ ಎರಡು ಮಾತಿನ ನಡುವೆ ನಮ್ಮ ಮನೆ ದಿನಗಟ್ಟಲೆ ಸಿಕ್ಕಿಕೊಂಡಿತ್ತು.

ನಾನು ಹೈಸ್ಕೂಲ್ ಟೀಚರ್, ಓದಿ ತಿಳಿದುಕೊಳ್ಳುವ ಚಟ ಇದೆ. ಓದಿದ್ದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ, ನಿಮಗೂ ನೆಂಟರ ಮುಂದೆ ಬೇಕಾಗುತ್ತದೆ. ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯುವುದು ನಮ್ಮ ದೇಶದಲ್ಲಿ ಅಪರಾಧ, ಯಾರು ಕೇಳಿದರೂ ಮಾಡುವ ಹಾಗಿಲ್ಲ. ಗುಣ ತರದ ಚಿಕಿತ್ಸೆಯನ್ನು ನಿಲ್ಲಿಸಿ ಕಾಯಿಲೆ ತನ್ನ ದಾರಿ ಹಿಡಿಯಲು ಬಿಡುವುದು ಬೇರೆ. ಇದರ ಬುಡದಲ್ಲಿ ಇರುವುದು ನಮ್ಮ ಕರ್ನಾಟಕದ ಹೆಣ್ಣುಮಗಳೇ. ಉತ್ತರ ಕನ್ನಡದ ಹಳದಿಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲೇ ಅವರ ಮೇಲೆ ಅತ್ಯಾಚಾರ ಆಯಿತು. 2015ರಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದರು. ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಆದರೆ ಹೈಕೋರ್ಟ್ ಅನುಮತಿ ಪಡೆದು ಚಿಕಿತ್ಸೆ ನಿಲ್ಲಿಸಬಹುದು ಎಂಬ ದಾರಿ ತೆರೆಯಿತು. ಅರುಣಾರನ್ನು ಅಷ್ಟು ವರ್ಷ ನೋಡಿಕೊಂಡ ಕೆಇಎಂ ನರ್ಸುಗಳೇ ನಿಲ್ಲಿಸುವುದು ಬೇಡ ಅಂದಿದ್ದರು. ನಮ್ಮ ಅತ್ತೆಯ ಮಾತು ಕೇಳುವಾಗ ನನಗೆ ಆ ನರ್ಸುಗಳ ನೆನಪು ಬರುತ್ತಿತ್ತು. ನೋಡಿಕೊಳ್ಳುತ್ತೇವೆ ಅನ್ನುವವರನ್ನು ಸುಮ್ನೆ ಮೂಢನಂಬಿಕೆಯವರು ಅಂದುಬಿಡುವುದು ಸುಲಭ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಗೌರವದಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಎಂದಿತು. ಆದರೆ ಅವತ್ತು ಹಾಕಿದ ಷರತ್ತುಗಳು ಎಷ್ಟು ತೊಡಕಾಗಿದ್ದವೆಂದರೆ ಆಚರಣೆಗೆ ತರುವುದೇ ಕಷ್ಟವಾಯಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಅವನ್ನು ಸಡಿಲ ಮಾಡಿತು. 2025ರ ಜನವರಿ 30ರಂದು ನಮ್ಮ ಆರೋಗ್ಯ ಇಲಾಖೆ ಅದನ್ನು ಕರ್ನಾಟಕದಲ್ಲಿ ಜಾರಿ ಮಾಡಲು ಸುತ್ತೋಲೆ ಹೊರಡಿಸಿತು. ಇದನ್ನು ದಯಾಮರಣ ಅಂದುಕೊಳ್ಳಬೇಡಿ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೂಡ ಆಗ ಹೇಳಿದ್ದರು. ಪತ್ರಿಕೆ, ಟಿವಿಯವರು ಮಾತ್ರ ಅದೇ ಹೆಸರು ಹಿಡಿದರು.

ಆ ಹೊತ್ತಿನಲ್ಲಿ ನಮ್ಮೂರಿನ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಸುದ್ದಿಯೂ ಎಲ್ಲ ಕಡೆ ಬಂದಿತ್ತು. ಗೌರವದಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರ ಬರೆದು ಹೋರಾಡಿದವರು ಅವರು. ಹಾಗಾಗಿ ದಾವಣಗೆರೆಯಲ್ಲಿ ಈ ವಿಷಯ ಎತ್ತಿದರೆ "ಹಾಂ, ಆ ಟೀಚರಮ್ಮ ಕೇಳಿದ್ರಲ್ಲ, ಅದು" ಅನ್ನುತ್ತಾರೆ. ಅಲ್ಲ. ಪ್ರಜ್ಞೆ ಇರುವವರು ತಮಗೆ ಸಾವು ಬೇಕು ಎಂದು ಕೇಳುವುದಕ್ಕೂ, ಯಂತ್ರದ ಮೇಲೆ ಇರುವವರಿಗೆ ಯಂತ್ರ ನಿಲ್ಲಿಸುವುದಕ್ಕೂ ದೂರ ಇದೆ. ಈ ಸುತ್ತೋಲೆ ಎರಡನೆಯದಕ್ಕೆ ಮಾತ್ರ.

ಇಷ್ಟು ತಿಳಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಬಿಡಿಸಿಕೊಂಡು ಹೋಗಲ್ಲ, ನಿಲ್ಲಿಸಬಹುದಾ ಅಂತ ನೋಡಿ ಹೇಳುವ ಡಾಕ್ಟರುಗಳ ಮಂಡಳಿ, ಅಂದರೆ ಬೋರ್ಡ್ ಮಾಡಿ ಎಂದೆ. ಅವರು ಒಂದು ನಿಮಿಷ ನನ್ನನ್ನೇ ನೋಡಿದರು. ಈ ಆಸ್ಪತ್ರೆಯಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಆಡಳಿತದವರು ತಮ್ಮ ವಕೀಲರನ್ನು ಕೇಳಬೇಕು ಅಂದರು. ಅದರಲ್ಲೇ ಒಂದಷ್ಟು ದಿನ ಹೋಯಿತು, ಮೀಟರ್ ಓಡುತ್ತಲೇ ಇತ್ತು. "ಕೋರ್ಟ್ ಆರ್ಡರ್ ತನ್ನಿ" ಅಂತ ಒಬ್ಬರು, "ಪೊಲೀಸ್ ಸ್ಟೇಷನ್‌ಗೆ ತಿಳಿಸಬೇಕು" ಅಂತ ಇನ್ನೊಬ್ಬರು. ಎರಡೂ ಬೇಕಿಲ್ಲ. ನಿಮಗೂ ಹೀಗಂದರೆ ಸುತ್ತೋಲೆಯ ಪ್ರತಿ ಪ್ರಿಂಟ್ ತೆಗೆದು ಮೆಡಿಕಲ್ ಸೂಪರಿಂಟೆಂಡೆಂಟ್ ಕೈಗೆ ಕೊಡಿ. ಬಾಯಿಮಾತಿಗಿಂತ ಕಾಗದಕ್ಕೆ ಬೇಗ ಹೆದರುತ್ತಾರೆ. ಲಿಖಿತ ಮನವಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡ ಮೇಲೆ ನಮ್ಮ ಕೆಲಸ ಸರಾಗವಾಯಿತು.

ಇನ್ನು ಸಹಿಯ ವಿಷಯ. "ಮಗ ಬರಲಿ ಬಿಡ್ರಿ, ಮಗನೇ ಸೈನ್ ಮಾಡ್ಲಿ" ಎಂದು ಕೌಂಟರ್‌ನವರು ಹೇಳಿದರು. ಅವ್ವ ಇಲ್ಲ. ಅಪ್ಪಾಜಿಯ ಜತೆ ಇದ್ದು ನೋಡಿಕೊಂಡವಳು ನಾನು. ಕಾನೂನಿನಲ್ಲಿ ಹತ್ತಿರದ ಬಂಧು ಅಂತ ಇದೆಯೇ ಹೊರತು ಗಂಡುಮಗ ಅಂತ ಇಲ್ಲ. ತಮ್ಮ ಬಂದ ಮೇಲೆ ಇಬ್ಬರೂ ಹಾಕಿದೆವು. ಆಮೇಲೆ ಯಾರೂ ಬೆರಳು ತೋರಿಸಬಾರದು ಅಂದರೆ ಮಕ್ಕಳೆಲ್ಲ ಹಾಕುವುದು ಒಳ್ಳೆಯದು. ಹಾಕಿದವರ ಆಧಾರ್ ಜೆರಾಕ್ಸ್, ರೋಗಿಯ ಆಧಾರ್, ಸಂಬಂಧ ತೋರಿಸಲು ರೇಷನ್ ಕಾರ್ಡ್ ಕೇಳಿದರು. ಇದರಲ್ಲಿ ತೊಂದರೆ ಆಗಲಿಲ್ಲ.

ತೊಂದರೆ ಆದದ್ದು ಒಪ್ಪಿಗೆ ಪತ್ರದಲ್ಲಿ. ಅವರ ಫಾರಂ ಪೂರ್ತಿ ಇಂಗ್ಲಿಷ್. ಅಲ್ಲಿನ ಸಮಾಜ ಕಾರ್ಯಕರ್ತೆ ಅದನ್ನು ಅತ್ತೆಗೆ ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಾ "ಜೀವರಕ್ಷಕ ತೆಗೆಯೋಕೆ ಒಪ್ಪಿಗೆ" ಎಂದುಬಿಟ್ಟರು. ಅತ್ತೆ ನನ್ನ ಕಡೆ ತಿರುಗಿದರು. "ಜೀವ ಕಾಯೋದನ್ನ ತಗೀರಿ ಅಂತ ನೀನು ಬರ್ದು ಕೊಡ್ತೀಯೇನವ್ವಾ?" ನಾನು ಬಿಳಿ ಹಾಳೆ ಇಸಿದುಕೊಂಡು ಕನ್ನಡದಲ್ಲೇ ಬರೆದೆ: ಗುಣ ತರದ ಚಿಕಿತ್ಸೆಯನ್ನು ನಿಲ್ಲಿಸಿ, ನಮ್ಮ ತಂದೆಗೆ ನೋವು, ಉಸಿರುಗಟ್ಟುವಿಕೆ ಆಗದಂತೆ ಕೊನೆಯವರೆಗೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ. ಆಸ್ಪತ್ರೆಯವರು ಅದನ್ನೂ ಫಾರಂ ಜತೆ ಲಗತ್ತಿಸಿಕೊಂಡರು. ಅತ್ತೆಗೆ ಅದನ್ನು ಓದಿ ಹೇಳಿದೆ, ಸುಮ್ಮನಾದರು. ಚಿಕ್ಕಪ್ಪ ಮಾತ್ರ "ಮಾತು ತಿರುಗಿಸಿ ಬರೆದ್ರೆ ಮಾಡೋ ಕೆಲ್ಸ ಬ್ಯಾರೆ ಆಗ್ತದಾ?" ಎಂದರು. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ 'ಬಿಡಿಸಿಕೊಂಡು ಹೋಗೋದು' ಅನ್ನೋದೂ ತಿರುಗಿಸಿದ ಮಾತೇ ಅಲ್ವಾ?

ಮನೆಯವರ ಮೀಟಿಂಗಿನಲ್ಲಿ ಡಾಕ್ಟರ್ ಒಂದು ಪ್ರಶ್ನೆ ಕೇಳಿದರು. ನಿಮಗೆ ಏನು ಬೇಕು ಅಂತಲ್ಲ, "ಅವರು ಏನು ಹೇಳ್ತಿದ್ರು?" ಅಪ್ಪಾಜಿಯ ಮಿಲ್ ಗೆಳೆಯರೊಬ್ಬರು ಹಿಂದೆ ಐಸಿಯುನಲ್ಲಿ ತಿಂಗಳುಗಟ್ಟಲೆ ಇದ್ದರು. ನೋಡಿಕೊಂಡು ಬಂದವರೇ ಅಪ್ಪಾಜಿ ಚಪ್ಪಲಿ ಬಿಡುತ್ತಾ, "ನಂಗೆ ಹಿಂಗೆಲ್ಲಾ ಪೈಪ್ ಹಾಕಿಸಿ ಮಲಗಿಸಬ್ಯಾಡ್ರಪ್ಪಾ" ಅಂದಿದ್ದರು. ನಾನು ಅದನ್ನು ಹೇಳಿದೆ. ಅತ್ತೆ ಕೂಡಲೇ, "ಹೋದ್ ಉಗಾದೀಲಿ ನನ್ ಹತ್ರ ಏನಂದ ಗೊತ್ತಾ, ಮೊಮ್ಮಗನ ಮದ್ವಿ ನೋಡೋತನಕ ನಾನು ಹೋಗಾಕಿಲ್ಲ ಅಂದ" ಎಂದರು. ಎರಡೂ ಅವರದೇ ಮಾತು. ಡಾಕ್ಟರ್ ಎರಡನ್ನೂ ಬರೆದುಕೊಂಡರು.

ಈ ಹೊತ್ತಿಗೆ ಕಾರಿಡಾರಿನಲ್ಲಿ ಎಲ್ಲರೂ ಒಂದೊಂದು ಹೇಳುತ್ತಿದ್ದರು. ಅನುಭವಿಸುವುದು ಬಾಕಿ ಉಳಿದರೆ ಮುಂದಿನ ಜನ್ಮಕ್ಕೆ ಬರುತ್ತದೆ ಅಂತ ಒಬ್ಬರು. ಭೀಷ್ಮ ಶರಶಯ್ಯೆಯ ಮೇಲೆ ಕಾಯಲಿಲ್ಲವಾ ಅಂತ ಚಿಕ್ಕಪ್ಪ. ಅದಕ್ಕೆ ತಮ್ಮ, "ಭೀಷ್ಮ ತಾನೇ ದಿನ ಆರಿಸಿಕೊಂಡ, ಚಿಕ್ಕಪ್ಪ" ಅಂದ. ಪಕ್ಕದ ಬೆಡ್‌ನವರು ಜೈನರು. ಅವರ ಅಜ್ಜಿ ಸಲ್ಲೇಖನ, ಅಂದರೆ ಅನ್ನನೀರು ಬಿಟ್ಟು ದೇಹ ಬಿಡುವ ವ್ರತ, ತಗೊಂಡದ್ದನ್ನು ಅವರು ಹೆಮ್ಮೆಯಿಂದ ಹೇಳಿದರು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಎಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟದ್ದು ಅವರ ಬಾಯಲ್ಲೇ ಇತ್ತು. ಅಪ್ಪಾಜಿಯ ಜತೆ ಮಿಲ್ಲಿನಲ್ಲಿದ್ದ ಸಾಹೇಬರು ಬಂದು, ಜೀವ ಅನ್ನೋದು ಅಲ್ಲಾಹನ ಅಮಾನತ್ತು, ನಾವು ಕಾಯೋರು ಅಷ್ಟೇ ಎಂದರು. ಹಾಗಾದರೆ ನಿಲ್ಲಿಸಬಾರದಾ ಎಂದು ಕೇಳಿದೆ. "ಅವನು ವಾಪಸ್ ಕೇಳ್ತಿರಬೇಕಾದ್ರೆ ಮಿಷಿನ್ ಹಾಕಿ ಎಳ್ಕೊಂಡ್ ಕೂತಿರೋದು ಕಾಯೋದಾ ಅಂತ ನಂಗೂ ತಿಳೀವಲ್ದು ಬೇಟಾ" ಎಂದರು.

ನಮ್ಮವರಲ್ಲಿ ಯಾರ ಮನೆಯ ಸಾವಿಗೆ ಹೋದರೂ 'ಮರಣವೇ ಮಹಾನವಮಿ' ಅನ್ನುತ್ತಾರೆ. ಶ್ರದ್ಧಾಂಜಲಿ ಬ್ಯಾನರ್ ಮೇಲೂ ಅದೇ ಇರುತ್ತದೆ. ಅಪ್ಪಾಜಿ ಐಸಿಯುನಲ್ಲಿ ಇರುವಷ್ಟು ದಿನ ಆ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಸತ್ತ ಮೇಲೆ ಹೇಳುವುದಕ್ಕಷ್ಟೇ ಅದು ಇದೆಯೇನೋ.

ಬೋರ್ಡ್ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ಪ್ರಾಥಮಿಕ ವೈದ್ಯಕೀಯ ಮಂಡಳಿ. ನೋಡುತ್ತಿರುವ ಡಾಕ್ಟರ್ ಜತೆಗೆ ಕಡೇಪಕ್ಷ ಐದು ವರ್ಷ ಅನುಭವ ಇರುವ ಇಬ್ಬರು ತಜ್ಞರು. ಆಸ್ಪತ್ರೆಯೇ ಇದನ್ನು ಮಾಡುತ್ತದೆ. ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಇವರು ಒಪ್ಪಿದ ಮೇಲೆ ಎರಡನೆಯ ಮಂಡಳಿ. ಇದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು, ಜತೆಗೆ ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು. ಇವರೂ ಬಂದು ರೋಗಿಯನ್ನು ಕಣ್ಣಾರೆ ನೋಡಬೇಕು. ಇವರಿಗೂ 48 ಗಂಟೆ. ಎರಡೂ ಮಂಡಳಿ ಒಪ್ಪಿದರೆ, ನಿಲ್ಲಿಸುವ ಮುಂಚೆ ಆಸ್ಪತ್ರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ (ಜೆಎಂಎಫ್‌ಸಿ) ಪತ್ರದಲ್ಲಿ ತಿಳಿಸಬೇಕು. ತಿಳಿಸುವುದು ಅಷ್ಟೇ, ಅನುಮತಿ ಕೇಳುವುದಲ್ಲ. ಮಂಡಳಿ ಒಪ್ಪದಿದ್ದರೆ ಮಾತ್ರ ಹೈಕೋರ್ಟಿಗೆ ಹೋಗಬಹುದು.

ಕಾಗದದ ಮೇಲೆ ನಾಲ್ಕು ದಿನದ ಕೆಲಸ. ನಮಗೆ ಜಾಸ್ತಿ ಹಿಡಿಯಿತು. ನಡುವೆ ಎರಡನೇ ಶನಿವಾರ, ಭಾನುವಾರ ಬಂದವು. ಎರಡನೇ ಮಂಡಳಿಗೆ ಬೇರೆ ನ್ಯೂರೋ ತಜ್ಞರು ಬೇಕಿತ್ತು, ಒಪ್ಪಿದ್ದವರು ಕಾನ್ಫರೆನ್ಸ್‌ಗೆ ಊರು ಬಿಟ್ಟಿದ್ದರು. ಬೆಂಗಳೂರಿನಲ್ಲಾದರೆ ಇಂಥವರು ರಸ್ತೆಗೊಬ್ಬರು ಇರುತ್ತಾರೇನೋ, ದಾವಣಗೆರೆಯಲ್ಲಿ ಹುಡುಕಬೇಕು. ಮೊದಲ ಮಂಡಳಿ ಕೂಡುವ ದಿನವೇ ಎರಡನೆಯದಕ್ಕೆ ಯಾರು ಅಂತ ಆಸ್ಪತ್ರೆಯವರನ್ನು ಕೇಳಿಬಿಡಿ.

ಎಲ್ಲ ಆಯಿತು ಅನ್ನುವಾಗ ಪಂಚಕ ಬಂತು. ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರ. ಆ ದಿನಗಳಲ್ಲಿ ಸಾವಾದರೆ ಮನೆ ಬಾಗಿಲು ಹಾಕಿ ತಿಂಗಳುಗಟ್ಟಲೆ ಬೇರೆ ಕಡೆ ಇರಬೇಕು ಅನ್ನೋ ನಂಬಿಕೆ. ನಮ್ಮ ಶರಣರು ಇಂಥದ್ದನ್ನೆಲ್ಲ ಅಲ್ಲಗಳೆದವರು. ಆದರೂ ಕ್ಯಾಲೆಂಡರ್ ನೋಡಿದ್ದು ಯಾರು ಅಂದುಕೊಂಡಿರಿ? ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ತಮ್ಮ. ಡಾಕ್ಟರಿಗೆ ಹೇಳಲು ನನಗೆ ನಾಚಿಕೆ. ಅವರಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ, "ಮುಗಿಯೋ ದಿನ ಹೇಳಿ" ಎಂದರು. ಆಗ ಚಿಕ್ಕಪ್ಪ ಕೇಳಿದ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. "ದಿನ ನೋಡಿದ್ ಮ್ಯಾಲೆ, ದೇವ್ರು ಕರ್ಕೊಂಡ ಅಂತ ನಾಳೆ ಹೆಂಗ್ ಅನ್ನೋದವ್ವಾ?"

ಒಂದು ಮುಖ್ಯ ಸಲಹೆ. ಮಾರ್ಫಿನ್ ಇದೆಯಾ ಅಂತ ಮೊದಲೇ ಕೇಳಿ. ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗೆ ಮಾನ್ಯತೆ ಬೇಕು, ಎಲ್ಲ ಕಡೆ ಇರುವುದಿಲ್ಲ. ಉಸಿರಿನ ಸಂಕಟ ಕಡಿಮೆ ಮಾಡುವುದು ಅದೇ. ಬಿಡಿಸಿಕೊಂಡು ಹೋದವರಿಗೆ ಸಿಗದೇ ಇರುವುದೂ ಅದೇ.

ನಿಲ್ಲಿಸಿದ ದಿನ ಅಪ್ಪಾಜಿಯನ್ನು ಮೂಲೆಯ ರೂಮಿಗೆ ಹಾಕಿದರು. ಮಾನಿಟರಿನ ಸದ್ದು ಆರಿಸಿದರು. ಅತ್ತೆ ಹಣೆಗೆ ವಿಭೂತಿ ಹಚ್ಚಿದರು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಬೆರಳು ನಿಲ್ಲದೆ ಬಿಚ್ಚಿಕೊಳ್ಳುತ್ತಿದ್ದವು, ನರ್ಸ್ ಬಂದು ಮೆತ್ತಗೆ ಟೇಪ್ ಸುತ್ತಿದಳು. ಮೊದಲು ಔಷಧಿ ಕೊಟ್ಟರು. ಮೈ ಸಡಿಲವಾದ ಮೇಲೆ ಪೈಪ್ ತೆಗೆದರು. ಎಷ್ಟೋ ದಿನದ ಮೇಲೆ ಅಪ್ಪಾಜಿಯ ಬಾಯಿ ಕಂಡಿತು. ತುಟಿಯ ಒಂದು ತುದಿಯಲ್ಲಿ ಪ್ಲಾಸ್ಟರಿನ ಅಂಟು, ಅದರಡಿ ಬಿಳಿ ಗಡ್ಡ ಬೆಳೆದಿತ್ತು.

ಕೂಡಲೇ ಹೋಗುತ್ತಾರೆ ಅಂದುಕೊಂಡಿದ್ದೆವು. ಹೋಗಲಿಲ್ಲ. ನಿಮಿಷಗಳಲ್ಲೂ ಆಗಬಹುದು, ಒಂದು ದಿನವೂ ಹಿಡಿಯಬಹುದು ಅಂತ ಡಾಕ್ಟರ್ ಹೇಳಿದ್ದರು. ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಮಧ್ಯಾಹ್ನ ಕಳೆದು ಸಂಜೆಯಾದರೂ ಅಪ್ಪಾಜಿ ಸಣ್ಣಗೆ ಉಸಿರಾಡುತ್ತಲೇ ಇದ್ದರು. ಅತ್ತೆ ಎದ್ದು ನಿಂತರು. "ನೋಡು, ಉಸ್ರಾಡ್ತಾನೆ ಅವ್ನು. ಸುಮ್ನೆ ತೆಗೆಸಿದ್ರಿ. ಹಾಕ್ಸು ವಾಪಸ್ಸು." ಹೊರಗಿದ್ದ ನೆಂಟರೆಲ್ಲ ಒಳಗೆ ಬಂದರು. ಒಬ್ಬ ಸೋದರಮಾವ ವಿಡಿಯೋ ತೆಗೆಯಲು ಫೋನ್ ಎತ್ತಿದರು, ತಮ್ಮ ಕೈ ಅಡ್ಡ ಇಟ್ಟ. ಇಡೀ ಅನುಭವದಲ್ಲಿ ನನ್ನ ಕಾಲು ನಡುಗಿದ್ದು ಆಗ. ರಾತ್ರಿ ಪಾಳಿಯ ಡಾಕ್ಟರ್ ಬಂದು ಅತ್ತೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಇದು ಮೊದಲೂ ಇದ್ದ ಉಸಿರೇ ಅಮ್ಮಾ, ಆದರೆ ಸಾಕಾಗುವುದಿಲ್ಲ, ಮುಖ ನೋಡಿ, ಸಂಕಟ ಕಾಣ್ತಿದೆಯಾ ಎಂದು ಕೇಳಿದರು. ಅತ್ತೆ ತುಂಬಾ ಹೊತ್ತು ನೋಡಿದರು. ಇಲ್ಲ ಎಂದರು. ಆಮೇಲೆ ತಾವೇ ತುಟಿಗೆ ನೀರಿನ ಹತ್ತಿ ಸವರುತ್ತಾ ಕೂತರು. ಗೊರಕೆಯಂಥ ಸದ್ದು ಬಂದಾಗ ನರ್ಸ್ ಇನ್ನೊಂದು ಔಷಧಿ ಕೊಟ್ಟಳು, ಅದೂ ನಿಂತಿತು. ಅಪ್ಪಾಜಿ ಹೋದಾಗ ಬೆಳಗಿನ ಜಾವ.

ನೆಂಟರನ್ನು ಕರೆಯುವ ಮುಂಚೆ, ಪೈಪ್ ತೆಗೆದ ಮೇಲೂ ಉಸಿರು ಇರಬಹುದು ಅಂತ ಒಬ್ಬೊಬ್ಬರಿಗೂ ಬಿಡಿಸಿ ಹೇಳಿ. ಡಾಕ್ಟರ ಬಾಯಲ್ಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ಮರಣ ಕಾರಣದ ಪತ್ರದಲ್ಲಿ ಮೆದುಳಿನ ರಕ್ತಸ್ರಾವ ಅಂತಲೇ ಇದೆ, ಚಿಕಿತ್ಸೆ ನಿಲ್ಲಿಸಿದ್ದು ಸಾವಿನ ಕಾರಣ ಅಂತ ಬರೆಯುವುದಿಲ್ಲ. ಪೋಸ್ಟ್‌ಮಾರ್ಟಂ ಇರಲಿಲ್ಲ. ಅಪಘಾತದ ಕೇಸ್ ಆಗಿದ್ದರೆ ಪೊಲೀಸರ ಲೆಕ್ಕ ಬೇರೆ ಇರುತ್ತದೆ. ಮಧ್ಯಾಹ್ನದೊಳಗೆ ಊರಿಗೆ ಒಯ್ದು, ಕೂರಿಸಿ ಮಣ್ಣು ಮಾಡಿದೆವು. ಬೋರ್ಡಿನ ತಜ್ಞರ ಫೀಸು ಅಂತ ಬಿಲ್ಲಿನಲ್ಲಿ ಕೆಲವು ಸಾವಿರ ಸೇರಿತ್ತು, ಯಾವುದಕ್ಕೆ ಎಷ್ಟು ಅಂತ ಬರೆಸಿಕೊಂಡೆ. ನೀವು ಮುಂಚೆಯೇ ಕೇಳಿಕೊಳ್ಳಿ.

ಈಗ ನನ್ನದೇ ಮುಂಚಿತ ವೈದ್ಯಕೀಯ ನಿರ್ದೇಶನ ಬರೆಯುತ್ತಿದ್ದೇನೆ. ಜನ ಇದನ್ನು ಲಿವಿಂಗ್ ವಿಲ್ ಅನ್ನುತ್ತಾರೆ. ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರಾದರೂ ಮಾಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಮೊದಲಿನಂತೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿಲ್ಲ. ನನ್ನ ಪರವಾಗಿ ತೀರ್ಮಾನ ಹೇಳಲು ಇಬ್ಬರ ಹೆಸರು ಕೊಡಬೇಕು. ಒಂದು ಪ್ರತಿ ಮನೆ ಡಾಕ್ಟರಿಗೆ, ಒಂದು ಹೆಸರು ಕೊಟ್ಟವರಿಗೆ, ಒಂದು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ. ಖರ್ಚು ಕೆಲವು ನೂರು ರೂಪಾಯಿ. ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯವನು ಮೊದಲು ಆಸ್ತಿ ವಿಲ್ ಅಂದುಕೊಂಡು "ಚೆಕ್ಕುಬಂದಿ ಹೇಳ್ರಿ ಮೇಡಂ" ಎಂದ.

ಒಬ್ಬಳು ಗೆಳತಿಯನ್ನು ಹೆಸರಿಸಿದ್ದೇನೆ. ಎರಡನೆಯದು ತಮ್ಮನದು, ಅವನು ಯೋಚಿಸಿ ಹೇಳ್ತೀನಿ ಅಂದಿದ್ದಾನೆ. ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ, ಎದೆ ಒತ್ತುವುದು ಬೇಡ ಅಂತ ಬರೆಸಿಯಾಗಿದೆ. ಮೂಗಿನ ಪೈಪಿನಲ್ಲಿ ಗಂಜಿ ಕೊಡುವ ಸಾಲು ಬಂದಾಗ ಕೈ ನಿಂತಿತು. ಕಾನೂನು ಅದನ್ನೂ ಚಿಕಿತ್ಸೆ ಅಂತಲೇ ನೋಡುತ್ತದೆ, ಅದು ಗೊತ್ತು. ಆದರೆ ಅನ್ನ ಬೇಡ ಅಂತ ಬರೆಯಲು ನನಗಿನ್ನೂ ಆಗಿಲ್ಲ. ಆ ಸಾಲು ಖಾಲಿ ಬಿಟ್ಟೇ ಮಾಡಿಸಬಹುದಾ ಎಂದು ನೋಟರಿಯವರನ್ನು ಕೇಳಿದೆ. ಮಾಡಿಸಬಹುದು, ಯಾವಾಗ ಬೇಕಾದರೂ ಬದಲಾಯಿಸಬಹುದು, ಆದರೆ ಬದಲಾಯಿಸುವಾಗಲೂ ಇಬ್ಬರು ಸಾಕ್ಷಿ ಕರೆದುಕೊಂಡು ಬಂದು ಹೀಗೇ ಸಹಿ ಹಾಕಬೇಕು ಎಂದರು.